ಬಿಳಿಯ ದಾರಿಗಳು: ಜಲ್ಲಿರಸ್ತೆಯ ಮೇಲೆ ಬೈಸಿಕಲ್ಲು

ಡಾಂಬರು ಕಾಣದ ರಸ್ತೆಯನ್ನು ನಾವು ಇನ್ನೂ ಪೂರ್ತಿಯಾಗದ ರಸ್ತೆಯೆಂದೇ ಎಣಿಸುತ್ತೇವೆ. ಜಲ್ಲಿ ಹಾಸಿ, ಮಣ್ಣು ಹರಡಿ, ನೀರು ಹೊಯ್ದು, ರೋಲರಿನಿಂದ ಅದುಮಿದರೆ ಅರ್ಧ ಕೆಲಸವಾದಂತೆ. ಅದರ ಮೇಲೆ ಡಾಂಬರು ಬಿದ್ದ ದಿನ ಊರಿಗೆ ರಸ್ತೆ ಬಂದಿತೆಂದು ಹೇಳುತ್ತೇವೆ. ಹೀಗಿರುವಾಗ, ಇಟಲಿ ದೇಶದ ಒಂದು ಸೀಮೆಯಲ್ಲಿ ಜಲ್ಲಿರಸ್ತೆಗಳಿಗೆ ಡಾಂಬರು ಬೀಳದಿರಲೆಂದು ಶ್ರಮಿಸಿದವರಿದ್ದಾರೆಂದರೆ, ಆ ರಸ್ತೆಗಳ ಮೇಲೆ ಬೈಸಿಕಲ್ಲು ತುಳಿಯುವುದಕ್ಕಾಗಿಯೇ ದೂರದೂರದ ದೇಶಗಳಿಂದ ಸಾವಿರಾರು ಮಂದಿ ಅಲ್ಲಿಗೆ ಬರುತ್ತಾರೆಂದರೆ, ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಜಲ್ಲಿರಸ್ತೆಯೆಂಬುದು ಅರ್ಧಕ್ಕೆ ನಿಂತ ಡಾಂಬರು ರಸ್ತೆಯಲ್ಲ. ಅದು ತನ್ನದೇ ಆದ ನಿಯಮಗಳಿಂದ ನಿಲ್ಲುವ, ಆ ನಿಯಮಗಳು ತಪ್ಪಿದಾಗ ಕೆಡುವ, ಬೇರೆಯೇ ಒಂದು ರಚನೆ. ಅದು ಹೇಗೆ ನಿಲ್ಲುತ್ತದೆ, ಹೇಗೆ ಕೆಡುತ್ತದೆ, ಬೈಸಿಕಲ್ಲಿಗೂ ಅದಕ್ಕೂ ಹೊಂದಿಕೆ ಎಂಥದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಾಡು, ಕಣಿವೆ, ಕಲ್ಲು

ನಾವು ಹೇಳುತ್ತಿರುವ ಸೀಮೆ ಟಸ್ಕನಿ ಪ್ರಾಂತದಲ್ಲಿದೆ. ಫ್ಲಾರೆನ್ಸ್ ಮತ್ತು ಸಿಯೇನಾ ನಗರಗಳ ನಡುವೆ ಕಿಯಾಂಟಿ ಎಂಬ ಗುಡ್ಡಗಾಡು. ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು, ಕಾಡಿನ ನಡುನಡುವೆ ಕಡಿದು ಮಾಡಿದ ದ್ರಾಕ್ಷಿ ಮತ್ತು ಆಲಿವ್ ತೋಟಗಳು, ದಿಣ್ಣೆಯ ನೆತ್ತಿಯ ಮೇಲೆ ಕಲ್ಲಿನ ಹಳ್ಳಿಗಳು - ಇದು ಅಲ್ಲಿಯ ನೋಟ. ಈ ಗುಡ್ಡಗಳಿಂದಲೇ ಅರ್ಬಿಯಾ ಎಂಬ ಹೊಳೆಯೂ ಓಂಬ್ರೋನೆ ಎಂಬ ನದಿಯೂ ಹುಟ್ಟಿ ದಕ್ಷಿಣಕ್ಕೆ ಹರಿಯುತ್ತವೆ. ಬುವೊನ್‌ಕೊನ್ವೆಂತೊ ಎಂಬ ಊರಿನ ಬಳಿ ಅರ್ಬಿಯಾ ಓಂಬ್ರೋನೆಯನ್ನು ಸೇರುತ್ತದೆ. ಮುಂದೆ ಓರ್ಚಾ ನದಿಯೂ ಬಂದು ಕೂಡುತ್ತದೆ. ಕೊನೆಗೆ ಎಲ್ಲ ನೀರೂ ತಿರ್ರೇನಿಯನ್ ಸಮುದ್ರವನ್ನು ಸೇರುತ್ತದೆ. ಓರ್ಚಾ ಕಣಿವೆಯನ್ನು ಯುನೆಸ್ಕೋ ಸಂಸ್ಥೆಯು 2004ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಬೈಸಿಕಲ್ ಸವಾರನು ಈ ಸೀಮೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೊರಟನೆಂದರೆ ಅವನ ಚಕ್ರದ ಕೆಳಗಿನ ನೆಲವೇ ಬದಲಾಗುತ್ತದೆ. ಕಿಯಾಂಟಿಯಲ್ಲಿ ನೆಲದಡಿ ಇರುವುದು ಅಲ್ಬೆರೇಸೆ ಎಂಬ ನಸುಬಿಳಿಯ ಸುಣ್ಣಕಲ್ಲು, ಗಲೆಸ್ತ್ರೊ ಎಂಬ ಪದರು ಪದರಾಗಿ ಬಿರಿಯುವ ಜೇಡಿಕಲ್ಲು ಮತ್ತು ಮರಳುಕಲ್ಲು. ಸಿಯೇನಾ ನಗರದ ಆಗ್ನೇಯಕ್ಕೆ ಬಂದರೆ ಕಾಡು ಮುಗಿದು ಬೋಳು ದಿಣ್ಣೆಗಳ ಸಾಲು ತೊಡಗುತ್ತದೆ. ಇದಕ್ಕೆ ಕ್ರೇತೆ ಸೆನೇಸಿ ಎಂದು ಹೆಸರು. ಭೂವಿಜ್ಞಾನಿಗಳು ಪ್ಲಿಯೊಸೀನ್ ಎಂದು ಕರೆಯುವ ಯುಗದಲ್ಲಿ, ಎಂದರೆ ಸುಮಾರು 50 ಲಕ್ಷದಿಂದ 30 ಲಕ್ಷ ವರ್ಷಗಳ ಹಿಂದೆ, ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಜೇಡಿಮಣ್ಣೇ ಇಂದಿನ ದಿಣ್ಣೆ. ಉಳುವ ರೈತರಿಗೆ ಇಲ್ಲಿ ಸಮುದ್ರದ ಚಿಪ್ಪುಗಳು ಸಿಕ್ಕುವುದುಂಟು.

ಒಂದೇ ದಿನದ ಸವಾರಿಯಲ್ಲಿ ಕಲ್ಲಿನ ನೆಲ, ಜೇಡಿಯ ನೆಲ, ಕಾಡಿನ ನೆರಳು, ಹೊಳೆಯ ದಂಡೆ ಎಲ್ಲವೂ ಬರುತ್ತವೆ. ಇವನ್ನೆಲ್ಲ ಕೂಡಿಸುವ ದಾರಿಗಳಿಗೆ ಹತ್ತಿರದ ಕಲ್ಲನ್ನೇ ಒಡೆದು ಹಾಸಿರುವುದರಿಂದ ಅವು ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತವೆ. ಆದುದರಿಂದ ಅವಕ್ಕೆ ಅಲ್ಲಿಯ ಜನ ಇಟ್ಟ ಹೆಸರು 'ಸ್ತ್ರಾದೆ ಬಿಯಾಂಕೆ'. ಎಂದರೆ ಬಿಳಿಯ ದಾರಿಗಳು.

ಜಲ್ಲಿರಸ್ತೆ ನಿಲ್ಲುವುದು ಹೇಗೆ?

ಜಲ್ಲಿರಸ್ತೆಯ ಶಾಸ್ತ್ರವನ್ನು ಸ್ಪಷ್ಟಪಡಿಸಿದವರಲ್ಲಿ ಮುಖ್ಯನು ಸ್ಕಾಟ್ಲೆಂಡಿನ ಜಾನ್ ಲೌಡನ್ ಮಕಾಡಂ. ಇವನ ಕಾಲ 1756ರಿಂದ 1836. ಅವನಿಗಿಂತ ಮೊದಲು, ರಸ್ತೆ ಗಟ್ಟಿಯಾಗಬೇಕಾದರೆ ಅಡಿಯಲ್ಲಿ ದೊಡ್ಡ ದೊಡ್ಡ ಬಂಡೆಗಳನ್ನು ಹೂಳಬೇಕೆಂಬ ನಂಬಿಕೆಯಿತ್ತು. ಮಕಾಡಂ ಇದನ್ನು ಒಪ್ಪಲಿಲ್ಲ. ಭಾರವನ್ನು ಹೊರುವುದು ಕಲ್ಲಲ್ಲ, ಕೆಳಗಿರುವ ನೆಲ. ನೆಲ ಒಣಗಿರುವವರೆಗೆ ಅದು ಎಷ್ಟು ಭಾರವನ್ನಾದರೂ ಹೊರುತ್ತದೆ, ನೆನೆದರೆ ಕುಸಿಯುತ್ತದೆ. ಆದಕಾರಣ ರಸ್ತೆಯ ಕೆಲಸವೆಂದರೆ ನೆಲಕ್ಕೆ ಒಂದು ಮಾಡನ್ನು ಹೊದಿಸಿದಂತೆ - ಇದು ಅವನ ವಾದದ ಸಾರಾಂಶ.

ಈ ಮಾಡಿಗೆ ಅವನು ಆರಿಸಿದ್ದು ಸಣ್ಣ ಜಲ್ಲಿ. ಯಾವ ಕಲ್ಲೂ ಆರು ಔನ್ಸಿಗಿಂತ, ಎಂದರೆ ಸುಮಾರು 170 ಗ್ರಾಮಿಗಿಂತ, ಹೆಚ್ಚು ತೂಗಬಾರದು. ಕಲ್ಲು ಹೊಳೆಯ ಗುಂಡುಗಲ್ಲಾಗಿರದೆ ಒಡೆದ ಕಲ್ಲಾಗಿರಬೇಕು. ಗುಂಡುಗಲ್ಲುಗಳನ್ನು ರಾಶಿ ಹಾಕಿ ಮೇಲೆ ಕಾಲಿಟ್ಟರೆ ಅವು ಗೋಲಿಗಳಂತೆ ಉರುಳುತ್ತವೆ. ಒಡೆದ ಕಲ್ಲಿಗೆ ಮೂಲೆಗಳುಂಟು. ಮೇಲಿನಿಂದ ಭಾರ ಬಿದ್ದಂತೆಲ್ಲ ಒಂದರ ಮೂಲೆ ಇನ್ನೊಂದರ ಸಂದಿನಲ್ಲಿ ಕಚ್ಚಿಕೊಳ್ಳುತ್ತದೆ. ಅಂದಿನ ಗಾಡಿಗಳ ಕಬ್ಬಿಣದ ಪಟ್ಟೆಗಳು ಮೇಲ್ಗಲ್ಲುಗಳನ್ನು ಅರೆದು ನುಣ್ಣನೆಯ ಪುಡಿ ಮಾಡುತ್ತಿದ್ದವು. ಮಳೆ ಬಂದಾಗ ಆ ಪುಡಿ ಸಂದುಗಳಿಗೆ ಇಳಿದು ಕಲ್ಲುಗಳನ್ನು ಬಿಗಿಯುತ್ತಿತ್ತು. ಸುಣ್ಣಕಲ್ಲಿನ ಪುಡಿಯಾದರೆ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ. ಟಸ್ಕನಿಯ ಬಿಳಿಯ ದಾರಿಗಳು ಗಾರೆ ನೆಲದಂತೆ ಗಟ್ಟಿಯಾಗಿರುವುದಕ್ಕೆ ಕಾರಣ ಇದೇ.

ಇನ್ನು ನೀರು. ಮಕಾಡಂ ಹೇಳಿದ ರಸ್ತೆ ಮೂವತ್ತು ಅಡಿ, ಎಂದರೆ ಸುಮಾರು 9 ಮೀಟರು ಅಗಲ. ಅದರ ನಡುಭಾಗ ಅಂಚಿಗಿಂತ ಮೂರೇ ಅಂಗುಲ ಎತ್ತರ. ಈ ಸ್ವಲ್ಪ ಉಬ್ಬಿನಿಂದಲೇ ಬಿದ್ದ ಮಳೆ ನಿಲ್ಲದೆ ಎರಡು ಪಕ್ಕಗಳ ಚರಂಡಿಗೆ ಸರಿದುಹೋಗುತ್ತದೆ. ಗುಡ್ಡಗಾಡಿನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ನೀರು ಪಕ್ಕಕ್ಕೆ ಸರಿಯದಿದ್ದರೆ ರಸ್ತೆಯುದ್ದಕ್ಕೂ ಇಳಿಯತೊಡಗುತ್ತದೆ. ಇಳಿದಷ್ಟೂ ಅದರ ವೇಗ ಹೆಚ್ಚು. ವೇಗ ಹೆಚ್ಚಿದಷ್ಟೂ ಅದು ಹೊತ್ತೊಯ್ಯುವ ಕಲ್ಲು ದೊಡ್ಡದು. ಒಂದೇ ಮಳೆಗಾಲದಲ್ಲಿ ದಾರಿ ಹಳ್ಳವಾಗುವುದು ಹೀಗೆ.

ವೇಗವು ತಂದ ಕೇಡು

ನಿಧಾನವಾದ ಕಬ್ಬಿಣದ ಪಟ್ಟೆಯ ಗಾಡಿಗಳಿಗೂ ಈ ರಸ್ತೆಗೂ ಒಂದು ಬಗೆಯ ಹೊಂದಾಣಿಕೆಯಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ಬಂಡಿ ಬಂದಿತು, ಹೊಂದಾಣಿಕೆ ಮುರಿಯಿತು. ಮೋಟಾರಿನ ರಬ್ಬರು ಟೈರು ಕಲ್ಲನ್ನು ಅರೆದು ಹೊಸ ಪುಡಿಯನ್ನು ಒದಗಿಸುವುದಿಲ್ಲ. ಬದಲಾಗಿ ವೇಗವಾಗಿ ಉರುಳುವಾಗ ಇದ್ದ ಪುಡಿಯನ್ನೇ ಮೇಲಕ್ಕೆತ್ತಿ ಗಾಳಿಗೆ ತೂರುತ್ತದೆ. ಬಿಗಿಯುವ ಪುಡಿ ಹಾರಿಹೋದ ಮೇಲೆ ಜಲ್ಲಿ ಸಡಿಲವಾಗಿ ಅಂಚಿಗೆ ಚಿಮ್ಮುತ್ತದೆ. ದಾರಿಹೋಕರು ಧೂಳು ಕುಡಿಯಬೇಕಾಯಿತು. ಮೊನಾಕೊ ಪಟ್ಟಣದಲ್ಲಿ ಈ ಧೂಳನ್ನು ಅಡಗಿಸಲು 1902ರಲ್ಲಿ ರಸ್ತೆಗೆ ಟಾರು ಬಳಿದು ನೋಡಿದವನು ಗುಲ್ಯೆಲ್ಮಿನೆತ್ತಿ ಎಂಬ ಸ್ವಿಟ್ಜರ್ಲೆಂಡಿನ ವೈದ್ಯ. ಜನ ಅವನನ್ನು ಟಾರು ಡಾಕ್ಟರೆಂದೇ ಕರೆದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ಗರ್ ಹೂಲಿ ಎಂಬಾತನು ಜಲ್ಲಿಗೂ ಟಾರಿಗೂ ಬೆರಕೆ ಮಾಡಿದ ವಸ್ತುವಿಗೆ ಪೇಟೆಂಟು ಪಡೆದನು. ಡಾಂಬರು ರಸ್ತೆಯ ಯುಗ ಹೀಗೆ ಮೊದಲಾಯಿತು.

ವೇಗದ ಇನ್ನೊಂದು ಕೇಡನ್ನು ಹಳ್ಳಿಯ ರಸ್ತೆಯಲ್ಲಿ ಬಸ್ಸಿನಲ್ಲಿ ಕುಳಿತವರೆಲ್ಲ ಅನುಭವಿಸಿದ್ದಾರೆ. ಜಲ್ಲಿರಸ್ತೆಯ ಮೇಲೆ, ತಗಡಿನ ಸುಕ್ಕುಗಳಂತೆ, ಅಡ್ಡಡ್ಡಲಾಗಿ ಅಲೆಗಳು ಏಳುತ್ತವೆ. ಒಂದು ಅಲೆಯಿಂದ ಮತ್ತೊಂದಕ್ಕೆ ಸಾಮಾನ್ಯವಾಗಿ ಅರ್ಧ ಮೀಟರಿನಿಂದ ಒಂದು ಮೀಟರು. ಎತ್ತರ ಕೆಲವು ಸೆಂಟಿಮೀಟರು. ವಾಹನಗಳ ಸ್ಪ್ರಿಂಗುಗಳ ಕುಣಿತದಿಂದ ಇವು ಹುಟ್ಟುತ್ತವೆಂದು ಬಹುಕಾಲ ಊಹಿಸಲಾಗಿತ್ತು. 2007ರಲ್ಲಿ ತಬೆರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ಒಂದು ಮೀಟರು ವ್ಯಾಸದ, ತಿರುಗುವ ಮೇಜಿನ ಮೇಲೆ ಮರಳು ಹಾಸಿ, ಅದರ ಮೇಲೆ ಒಂದು ಚಿಕ್ಕ ಚಕ್ರ ಉರುಳುವಂತೆ ಅವರು ಮಾಡಿದರು. ಚಕ್ರಕ್ಕೆ ಸ್ಪ್ರಿಂಗೇ ಇಲ್ಲದಿದ್ದರೂ ಅಲೆಗಳು ಹುಟ್ಟಿದವು. ಆದರೆ ಒಂದು ನಿರ್ದಿಷ್ಟ ವೇಗಕ್ಕಿಂತ ಕಡಮೆಯಾದರೆ ಮರಳು ಸಮವಾಗಿಯೇ ಉಳಿಯಿತು; ಆ ವೇಗವನ್ನು ದಾಟಿದೊಡನೆ ಅಲೆಗಳು ತೋರಿದವು.

ಇದರ ಮರ್ಮ ಹೀಗಿದೆ. ಸಮವಾದ ರಸ್ತೆಯಲ್ಲೂ ಎಲ್ಲೋ ಒಂದು ಸಣ್ಣ ಉಬ್ಬು ಇದ್ದೇ ಇರುತ್ತದೆ. ನಿಧಾನವಾಗಿ ಬರುವ ಚಕ್ರ ಅದನ್ನು ಮಟ್ಟ ಮಾಡಿ ಮುಂದೆ ಹೋಗುತ್ತದೆ. ವೇಗವಾಗಿ ಬರುವ ಚಕ್ರವಾದರೆ ಉಬ್ಬಿನ ಮೇಲೆ ಚಿಮ್ಮಿ, ಆಚೆಗೆ ಬಿದ್ದು, ಬಿದ್ದಲ್ಲಿ ಗುಳಿ ತೋಡಿ, ಅಲ್ಲಿಯ ಕಲ್ಲನ್ನು ಮುಂದಕ್ಕೆ ನೂಕುತ್ತದೆ. ನೂಕಿದ ಕಲ್ಲು ಮತ್ತೊಂದು ಉಬ್ಬಾಗುತ್ತದೆ. ಹಿಂದೆ ಬರುವ ಪ್ರತಿಯೊಂದು ಚಕ್ರವೂ ಅದೇ ಕೆಲಸವನ್ನು ಮುಂದುವರಿಸುತ್ತದೆ. ಕೆರೆಯ ನೀರಿನ ಮೇಲೆ ಹುಡುಗರು ಹಂಚಿನ ಚೂರನ್ನು ಬೀಸಿ ಎಸೆದಾಗ ಅದು ಕುಪ್ಪಳಿಸಿ ಕುಪ್ಪಳಿಸಿ ಸಾಗುವುದಷ್ಟೆ. ಅದಕ್ಕೂ ಇದಕ್ಕೂ ಸಾಮ್ಯವಿದೆ. ಬೈಸಿಕಲ್ಲು ಹಗುರ, ಅದರ ವೇಗವೂ ಮಿತವಾದುದು. ಆದುದರಿಂದ ಈ ಅಲೆಗಳ ವಿಷಯದಲ್ಲಿ ಸವಾರನು ಬಹುಮಟ್ಟಿಗೆ ಪರರು ಮಾಡಿದ್ದನ್ನು ಅನುಭವಿಸುವವನು.

ಟೈರಿನ ಗಾಳಿಯ ಲೆಕ್ಕ

ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯನು 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಜೋಡಿಸಿದ ಕಥೆ ಪ್ರಸಿದ್ಧವಾಗಿದೆ. ಅಂದಿನ ರಸ್ತೆಗಳು ಒರಟು. ಅವುಗಳ ಕುಲುಕಾಟವನ್ನು ತಪ್ಪಿಸುವುದೇ ಅವನ ಉದ್ದೇಶ. ಎಂದರೆ ಗಾಳಿಯ ಟೈರು ಹುಟ್ಟಿದ್ದೇ ಒರಟು ರಸ್ತೆಗಾಗಿ.

ಗಾಳಿಯನ್ನು ಗಟ್ಟಿಯಾಗಿ ತುಂಬಿದಷ್ಟೂ ಸೈಕಲ್ಲು ಹಗುರವಾಗಿ ಓಡುತ್ತದೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ನಯವಾದ ರಸ್ತೆಯ ಮಟ್ಟಿಗೆ ಇದರಲ್ಲಿ ಸತ್ಯಾಂಶವುಂಟು. ಜಲ್ಲಿಯ ಮೇಲೆ ಇದು ತಿರುಗುಮುರುಗಾಗುತ್ತದೆ. ಒಂದು ಲೆಕ್ಕ ಹಾಕೋಣ. ಸವಾರನೂ ಸೈಕಲ್ಲೂ ಸೇರಿ 85 ಕಿಲೋಗ್ರಾಂ ಇರಲಿ. ಹಿಂದಿನ ಚಕ್ರದ ಮೇಲೆ 50 ಕಿಲೋಗ್ರಾಂ ಭಾರವಿರಲಿ. ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ ಆದರೆ, ಆ ಭಾರವನ್ನು ಹೊರಲು ಟೈರು ಸುಮಾರು 8 ಚದರ ಸೆಂಟಿಮೀಟರಿನಷ್ಟು ನೆಲವನ್ನು ಮುಟ್ಟಿದರೆ ಸಾಕು. ಒತ್ತಡವನ್ನು 3 ಕಿಲೋಗ್ರಾಮಿಗೆ ಇಳಿಸಿದರೆ ಸುಮಾರು 17 ಚದರ ಸೆಂಟಿಮೀಟರು ನೆಲವನ್ನು ಮುಟ್ಟಬೇಕು. ಗಟ್ಟಿಯಾದ ಟೈರಿನ ಕೆಳಗೆ ಒಂದು ಹರಳು ಬಂದರೆ ಟೈರು ಬಗ್ಗುವುದಿಲ್ಲ. ಸವಾರನ ಸಮೇತ ಇಡೀ ಸೈಕಲ್ಲು ಮೇಲಕ್ಕೇಳಬೇಕು. ಹೀಗೆ ಮೇಲಕ್ಕೆತ್ತಲು ವೆಚ್ಚವಾದ ಶಕ್ತಿಯಲ್ಲಿ ಹೆಚ್ಚಿನ ಪಾಲು ಹಿಂದಿರುಗಿ ಬಾರದು. ಅದು ಸವಾರನ ಮಾಂಸಖಂಡಗಳಲ್ಲಿ ಕುಲುಕಾಟವಾಗಿ, ಕೊನೆಗೆ ಶಾಖವಾಗಿ ವ್ಯಯವಾಗುತ್ತದೆ. ಮೆತ್ತನೆಯ ಟೈರು ಹರಳನ್ನು ತನ್ನೊಳಕ್ಕೆ ನುಂಗಿಕೊಳ್ಳುತ್ತದೆ. ಸೈಕಲ್ಲು ಸಮನಾಗಿ ಸಾಗುತ್ತದೆ.

ಹಾಗೆಂದು ಗಾಳಿಯನ್ನು ಮನಬಂದಂತೆ ಇಳಿಸಲಾಗದು. ಟೈರು ಕಿರಿದಾಗಿದ್ದು ಗಾಳಿಯೂ ಕಡಮೆಯಾದರೆ ಕಲ್ಲಿಗೂ ಚಕ್ರದ ಅಂಚಿಗೂ ನಡುವೆ ಸಿಕ್ಕಿ ಟ್ಯೂಬು ಹರಿಯುತ್ತದೆ. ಆದುದರಿಂದಲೇ ಜಲ್ಲಿಯ ಸವಾರಿಗೆಂದು ಇಂದು ಮಾಡುವ ಸೈಕಲ್ಲುಗಳಿಗೆ ಅಗಲವಾದ ಟೈರು. ಹಿಂದಿನ ಪಂದ್ಯದ ಸೈಕಲ್ಲುಗಳಲ್ಲಿ ಟೈರಿನ ಅಗಲ 23 ಮಿಲಿಮೀಟರಿನಷ್ಟಿದ್ದರೆ ಇವುಗಳಲ್ಲಿ ಸಾಮಾನ್ಯವಾಗಿ 40 ಮಿಲಿಮೀಟರಿನ ಆಸುಪಾಸು. ಅನೇಕರು ಟ್ಯೂಬನ್ನೇ ಬಿಟ್ಟು, ಟೈರಿನೊಳಗೆ ರಬ್ಬರಿನ ಹಾಲಿನಂಥ ದ್ರವವನ್ನು ಹಾಕುತ್ತಾರೆ. ಮುಳ್ಳು ಚುಚ್ಚಿದರೆ ಆ ದ್ರವವೇ ರಂಧ್ರದಲ್ಲಿ ಹೆಪ್ಪುಗಟ್ಟಿ ಅದನ್ನು ಮುಚ್ಚುತ್ತದೆ.

ತಿರುವು ಮತ್ತು ಏರು

ಕಣಿವೆಯ ದಾರಿಯಲ್ಲಿ ಇಳಿಜಾರೂ ತಿರುವೂ ಜೊತೆಯಾಗಿಯೇ ಬರುತ್ತವೆ. ತಿರುವಿನಲ್ಲಿ ಸೈಕಲ್ಲನ್ನು ಹಿಡಿದಿಡುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಣಗಿದ ಡಾಂಬರಿನ ಮೇಲೆ ಈ ಘರ್ಷಣೆ ಚಕ್ರದ ಮೇಲಿನ ಭಾರದ ಹತ್ತರಲ್ಲಿ ಎಂಟು ಪಾಲಿರಬಹುದು. ಸಡಿಲ ಜಲ್ಲಿಯ ಮೇಲೆ ಮೂರೇ ಪಾಲಿರಲೆಂದು ಎಣಿಸೋಣ. 10 ಮೀಟರು ತ್ರಿಜ್ಯದ ತಿರುವನ್ನು ಡಾಂಬರಿನ ಮೇಲೆ ಗಂಟೆಗೆ ಸುಮಾರು 32 ಕಿಲೋಮೀಟರು ವೇಗದವರೆಗೆ ಜಾರದೆ ತಿರುಗಬಹುದೆಂದು ಲೆಕ್ಕ ಹೇಳುತ್ತದೆ. ಜಲ್ಲಿಯ ಮೇಲೆ ಅದೇ ತಿರುವಿಗೆ ಮಿತಿ ಸುಮಾರು 20 ಕಿಲೋಮೀಟರು. ಅದೂ ಬ್ರೇಕು ಹಿಡಿಯದಿದ್ದರೆ ಮಾತ್ರ. ಇರುವ ಘರ್ಷಣೆಯೆಲ್ಲ ತಿರುಗುವುದಕ್ಕೆ ಬೇಕಾಗಿರುವಾಗ ಬ್ರೇಕೂ ಅದರಲ್ಲಿ ಪಾಲು ಕೇಳಿದರೆ ಚಕ್ರ ಜಾರುತ್ತದೆ. ಬ್ರೇಕಿನ ಕೆಲಸವನ್ನು ತಿರುವು ಬರುವ ಮೊದಲೇ ಮುಗಿಸಬೇಕೆಂದು ಅನುಭವಿಗಳು ಹೇಳುವುದರ ಕಾರಣ ಇದು.

ಏರಿನ ತೊಂದರೆ ಬೇರೆ. ನೂರು ಮೀಟರಿಗೆ ಹತ್ತು ಮೀಟರು ಏರುವ ದಾರಿಯಲ್ಲಿ 85 ಕಿಲೋಗ್ರಾಂ ಭಾರವನ್ನು ಮೇಲಕ್ಕೆ ದೂಡಲು ಸರಾಸರಿ ಎಂಟೂವರೆ ಕಿಲೋಗ್ರಾಮಿನಷ್ಟು ಬಲ ಬೇಕು. ಆದರೆ ಕಾಲಿನ ತುಳಿತ ಸಮನಾಗಿರುವುದಿಲ್ಲ. ಪೆಡಲು ಅಡ್ಡವಾಗಿರುವಾಗ ಬಲ ಒಂದೂವರೆ ಪಟ್ಟು, ಎಂದರೆ ಸುಮಾರು 13 ಕಿಲೋಗ್ರಾಮು ಆದೀತು. ಸೀಟಿನ ಮೇಲೆ ಕುಳಿತು ಹಿಂದಿನ ಚಕ್ರಕ್ಕೆ 50 ಕಿಲೋಗ್ರಾಂ ಕೊಟ್ಟವನಿಗೆ ಜಲ್ಲಿಯ ಘರ್ಷಣೆ 15 ಕಿಲೋಗ್ರಾಮಿನವರೆಗೆ ಒದಗುತ್ತದೆ, ಅವನು ಏರುತ್ತಾನೆ. ಎದ್ದು ನಿಂತು ಮುಂದಕ್ಕೆ ಬಾಗಿ, ಹಿಂದಿನ ಚಕ್ರದ ಭಾರವನ್ನು 40ಕ್ಕೆ ಇಳಿಸಿಕೊಂಡವನಿಗೆ ಒದಗುವುದು 12 ಮಾತ್ರ; ಅವನ ಚಕ್ರ ನಿಂತಲ್ಲೇ ಸುತ್ತುತ್ತದೆ. ಬಲವುಳ್ಳವನು ಜಾರಿ, ತಾಳ್ಮೆಯುಳ್ಳವನು ಮೇಲೆ ಸೇರುವ ನೋಟ ಜಲ್ಲಿಯ ಏರುಗಳಲ್ಲಿ ಅಪರೂಪವಲ್ಲ.

ದಾರಿಗಳನ್ನು ಉಳಿಸಿದ ಸವಾರಿ

ಇಟಲಿಯ ಪ್ರಸಿದ್ಧ ಸೈಕಲ್ ಪಂದ್ಯವಾದ ಜಿರೊ ದಿತಾಲಿಯ 1909ರಲ್ಲಿ ಆರಂಭವಾದಾಗ ದೇಶದ ರಸ್ತೆಗಳಲ್ಲಿ ಬಹುಪಾಲು ಜಲ್ಲಿಯವೇ. ಎರಡನೆಯ ಮಹಾಯುದ್ಧದ ಅನಂತರ ಡಾಂಬರು ವೇಗವಾಗಿ ಹಬ್ಬಿತು. ಟಸ್ಕನಿಯಲ್ಲಿ ಭೂಮಾಲಿಕನೂ ಗೇಣಿದಾರನೂ ಫಸಲನ್ನು ಹಂಚಿಕೊಳ್ಳುವ ಹಳೆಯ ಪದ್ಧತಿಯಿತ್ತು; 1964ರ ಕಾನೂನು ಅಂಥ ಹೊಸ ಕರಾರುಗಳನ್ನು ನಿಷೇಧಿಸಿತು. ಅಷ್ಟರಲ್ಲೇ ಒಕ್ಕಲುಗಳು ಹೊಲಮನೆಗಳನ್ನು ಬಿಟ್ಟು ಪಟ್ಟಣ ಸೇರತೊಡಗಿದ್ದವು. ಹೊಲಮನೆಗಳನ್ನು ಕೂಡಿಸುತ್ತಿದ್ದ ಬಿಳಿಯ ದಾರಿಗಳ ಮುಂದೆ ಎರಡೇ ಗತಿಗಳು ಉಳಿದಂತೆ ಕಂಡಿತು: ಬಳಕೆಯಿದ್ದರೆ ಡಾಂಬರು, ಬಳಕೆಯಿಲ್ಲದಿದ್ದರೆ ಮುಳ್ಳುಪೊದೆ.

ಕಿಯಾಂಟಿಯ ಗಾಯೋಲೆ ಎಂಬ ಊರಿನ ಜಾಂಕಾರ್ಲೊ ಬ್ರೋಚ್ಚಿ ಎಂಬವರು 1997ರಲ್ಲಿ ಮೂರನೆಯ ದಾರಿಯೊಂದನ್ನು ತೋರಿಸಿದರು. ಹಳೆಯ ಕಾಲದ ಸೈಕಲ್ಲುಗಳನ್ನೇರಿ ಹಳೆಯ ಕಾಲದ ರಸ್ತೆಗಳಲ್ಲಿ ಸವಾರಿ ಮಾಡುವ 'ಎರೋಯಿಕಾ' ಎಂಬ ಕೂಟವನ್ನು ಅವರು ನಡೆಸಿದರು; ಬಿಳಿಯ ದಾರಿಗಳನ್ನು ಉಳಿಸುವುದೇ ಅವರ ಆಶಯ. ಮೊದಲ ವರ್ಷ ಬಂದವರು 92 ಮಂದಿ. ಈಗ ಪ್ರತಿ ವರ್ಷವೂ ಸಾವಿರಾರು ಮಂದಿ ಬರುತ್ತಾರೆ. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಸುಮಾರು 209 ಕಿಲೋಮೀಟರು ಉದ್ದದ ಮಾರ್ಗಕ್ಕೆ ಶಾಶ್ವತವಾದ ಸೂಚನಾಫಲಕಗಳನ್ನು ನೆಟ್ಟಿರುವುದರಿಂದ ವರ್ಷದ ಯಾವ ದಿನದಲ್ಲಾದರೂ ಯಾರು ಬೇಕಾದರೂ ಅದನ್ನು ಹಿಡಿದು ಹೋಗಬಹುದು. ಬ್ರೋಲಿಯೊ ಕೋಟೆಗೆ ಏರುವ, ಸೈಪ್ರೆಸ್ ಮರಗಳ ಸಾಲಿನ ಬಿಳಿಯ ದಾರಿ ಈ ಮಾರ್ಗದ ಹೆಸರಾಂತ ಭಾಗ. 2007ರಲ್ಲಿ ಇದೇ ಸೀಮೆಯಲ್ಲಿ ವೃತ್ತಿಪರರ ಪಂದ್ಯವೊಂದು ಮೊದಲಾಗಿ, ಈಗ ಸ್ತ್ರಾದೆ ಬಿಯಾಂಕೆ ಎಂಬ ಹೆಸರಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುತ್ತಿದೆ. 2015ರಿಂದ ಮಹಿಳೆಯರ ಪಂದ್ಯವೂ ಉಂಟು. ಸಿಯೇನಾ ನಗರದ ನಡುವಣ ಕಾಂಪೊ ಚೌಕದಲ್ಲಿ ಅದು ಮುಕ್ತಾಯವಾಗುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಮಾಚಬಾರದು. ಎಲ್ಲಿಂದಲೋ ಬಂದು ಒಂದು ದಿನ ತುಳಿದು ಹೋಗುವವನಿಗೆ ಜಲ್ಲಿರಸ್ತೆ ಸೊಗಸು; ಅದರ ಪಕ್ಕದಲ್ಲೇ ಬಾಳುವವನಿಗೆ ಬೇಸಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು. ಬಸುರಿಯನ್ನು ಆಸ್ಪತ್ರೆಗೆ ಕೊಂಡೊಯ್ಯಬೇಕಾದ ದಾರಿಗೆ ಡಾಂಬರು ಬೇಡವೆನ್ನುವ ಅಧಿಕಾರ ಯಾವ ಸವಾರನಿಗೂ ಇಲ್ಲ. ಆದರೆ ಎಲ್ಲ ದಾರಿಗಳೂ ಅಂಥವಲ್ಲ. ದಿನಕ್ಕೆ ನಾಲ್ಕಾರು ವಾಹನಗಳು ಹೋಗುವ ಕಾಡಿನ, ತೋಟದ ದಾರಿಗೆ ಡಾಂಬರು ಹಾಕುವುದು ದುಂದು. ಹಾಕಿದ ಡಾಂಬರು ಬಿರಿದರೆ ಅದರ ದುರಸ್ತಿಗೆ ಯಂತ್ರವೂ ಹಣವೂ ಬೇಕು. ಜಲ್ಲಿರಸ್ತೆಯ ಗುಂಡಿಯನ್ನು ಒಂದು ಬುಟ್ಟಿ ಕಲ್ಲು, ಒಂದು ಗುದ್ದಲಿಯಿಂದ ಮುಚ್ಚಬಹುದು. ಸವಾರರ ಬರವು ಇಂಥ ದಾರಿಗಳಿಗೆ ಒಂದು ಬಳಕೆಯನ್ನು, ಊರಿನ ಅಂಗಡಿ ವಸತಿಗೃಹಗಳಿಗೆ ಒಂದು ಆದಾಯವನ್ನು ತಂದುಕೊಟ್ಟಿತು. ದುರಸ್ತಿಗೆ ಕಾರಣ ದೊರೆತುದರಿಂದ ದಾರಿಗಳು ಉಳಿದವು.

ಸವಾರನ ಹೊಣೆ

ಹಾಗಾದರೆ ಬೈಸಿಕಲ್ಲಿನಿಂದ ರಸ್ತೆಗೆ ಏನೂ ಕೇಡಿಲ್ಲವೆ? ಒಣಗಿದ ಜಲ್ಲಿಯ ಮೇಲೆ ಇಲ್ಲವೆಂದೇ ಹೇಳಬಹುದು. ನೆನೆದ ಜೇಡಿಯ ಮೇಲೆ ಉಂಟು. ಜೇಡಿಮಣ್ಣಿನ ಕಣಗಳು ಸೂಕ್ಷ್ಮವಾದ ತಟ್ಟೆಗಳ ಆಕಾರದವು. ನೀರು ನಡುವೆ ಹೊಕ್ಕೊಡನೆ ಅವು ಒಂದರ ಮೇಲೊಂದು ಜಾರುತ್ತವೆ. 2010ರ ಜಿರೊ ಪಂದ್ಯವು ಮೊಂತಾಲ್ಚಿನೊ ಊರಿನ ಬಳಿಯ ಬಿಳಿಯ ದಾರಿಗಳನ್ನು ಮಳೆಯಲ್ಲಿ ಹಾದುಹೋದಾಗ ಸವಾರರ ಗುರುತೇ ಸಿಕ್ಕದಷ್ಟು ಕೆಸರು ಮೆತ್ತಿಕೊಂಡಿತ್ತು. ಆ ದಿನ ಗೆದ್ದವನು ಆಸ್ಟ್ರೇಲಿಯದ ಕ್ಯಾಡೆಲ್ ಇವಾನ್ಸ್.

ಅಂಥ ನೆಲದಲ್ಲಿ ಒಂದು ಚಕ್ರ ಹೋದರೂ ಒಂದು ಗೀರು ಬೀಳುತ್ತದೆ. ಹಿಂದಿನವನು ಆ ಗೀರಿನಲ್ಲೇ ಚಕ್ರವನ್ನಿಡುತ್ತಾನೆ. ಬಿಸಿಲಿಗೆ ಅದು ಒಣಗಿ ಕಾಲುವೆಯಂತಾಗುತ್ತದೆ. ಮುಂದಿನ ಮಳೆಯ ನೀರು ಚರಂಡಿಯ ಕಡೆಗೆ ಸರಿಯುವುದನ್ನು ಬಿಟ್ಟು ಆ ಕಾಲುವೆಯನ್ನೇ ಹಿಡಿದು ಇಳಿಯುತ್ತದೆ. ನೆಲ ಒಣಗಿರಬೇಕೆಂದು ಮಕಾಡಂ ಹೇಳಿದ ಮಾತು ಕೆಡುವುದು ಇಲ್ಲಿಂದ. ಆದುದರಿಂದ ಜಲ್ಲಿಯ ದಾರಿಯನ್ನು ಪ್ರೀತಿಸುವವರು ದೊಡ್ಡ ಮಳೆಯಾದ ಮೇಲೆ ಒಂದೆರಡು ದಿನ ತಡೆದು ಹೊರಡುವುದು ಮೇಲು. ಹೊರಟಾಗ ಅಡ್ಡಚರಂಡಿಯೊಂದಕ್ಕೆ ಎಲೆಯೋ ಕೊಂಬೆಯೋ ಸಿಕ್ಕಿ ನೀರು ಕಟ್ಟಿಕೊಂಡುದು ಕಂಡರೆ, ಇಳಿದು ಅದನ್ನು ಬಿಡಿಸಿ ಮುಂದೆ ಹೋಗಬೇಕು. ಎರಡು ನಿಮಿಷದ ಆ ಕೆಲಸದಿಂದ ಒಂದು ಗಾಡಿ ಜಲ್ಲಿ ಉಳಿದೀತು.